ಕಲಬುರಗಿಯ ಮಧ್ಯಾಹ್ನದಲ್ಲಿ ಧಾರವಾಡ ಆಕಾಶವಾಣಿ ಹಿಡಿದ ಬಗೆ

ಹಗಲು ಹೊತ್ತಿನಲ್ಲಿ, ಅದೂ ಕಲಬುರಗಿಯ ನಡುವಿನ ಓಣಿಯ ಮನೆಯೊಳಗೆ ಕುಳಿತು, ಮೀಡಿಯಂ ವೇವ್‌ನ 765 ಕಿಲೋಹರ್ಟ್ಸ್‌ನಲ್ಲಿ ಧಾರವಾಡ ಆಕಾಶವಾಣಿಯನ್ನು ಕೇಳುವುದು ಆಗದ ಮಾತು ಎಂದು ನನ್ನ ರೇಡಿಯೊ ಗೆಳೆಯರೆಲ್ಲ ಹೇಳಿದ್ದರು. ಎರಡು ಬೇಸಿಗೆ ವ್ಯರ್ಥವಾದ ಮೇಲೆ ಮೂರನೆಯ ಬೇಸಿಗೆಯಲ್ಲಿ ಅದು ಕೈಗೂಡಿತು.

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದರಿಂದ ಎರಡು ಗಂಟೆಯ ಹೊತ್ತಿಗೆ ನಾನು ಮನೆ ಸೇರಿರುತ್ತೇನೆ. ಹೊರಗೆ 42, 43 ಡಿಗ್ರಿ ಬಿಸಿಲು. ಒಳಗೆ ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ, ಕಿಟಕಿಗೆ ಒದ್ದೆ ಚಾದರ ಕಟ್ಟಿ, ಊಟವಾದ ಮೇಲೆ ಅಡ್ಡಾಗುವ ಆ ಹೊತ್ತಿನಲ್ಲಿ ನನ್ನ ತಾಯಿಗೆ ತವರಿನ ಧಾರವಾಡದ ದನಿ ಬೇಕು. ನಮ್ಮೂರಿನ ಕೇಂದ್ರ 1107ರಲ್ಲಿ ಯಾವ ಸೆಟ್ಟಿನಲ್ಲೂ ಬರುತ್ತದೆ. ರಾತ್ರಿಯಾದರೆ ಧಾರವಾಡವೂ ತಾನಾಗಿಯೇ ಬರುತ್ತದೆ. ಸಮಸ್ಯೆ ಇದ್ದದ್ದು ಹಗಲಿನದು. "ಫೋನಿನ್ಯಾಗ ಸಿಗ್ತದಲ್ರಿ, ಇದೆಲ್ಲ ಯಾಕ ಬೇಕು ನಿಮಗ?" ಎಂದು ಪಕ್ಕದ ಮನೆಯವರು ಕೇಳುತ್ತಿದ್ದರು. ಮಂಚದ ತಲೆಯ ಕಡೆ ಇಟ್ಟ ಸೆಟ್ಟಿನ ಕಿವಿ ತಿರುವಿ ಕೇಳುವ ಸುಖ ಫೋನಿನಲ್ಲಿ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮೂವತ್ತು ಮೀಟರ್ ತಂತಿ ಎಳೆದೆ. ನಾನೂರು ರೂಪಾಯಿಯಷ್ಟು ಖರ್ಚಾಯಿತು. ಧಾರವಾಡದ ಬದಲು ಗುಂಯ್ ಎನ್ನುವ ಸದ್ದು ಎರಡು ಪಟ್ಟಾಯಿತು, ಹದಿನೈದು ದಿನಗಳಲ್ಲಿ ಮಂಗಗಳು ತಂತಿಯನ್ನೂ ಕಿತ್ತವು. ಎರಡನೆಯ ಬೇಸಿಗೆಯಲ್ಲಿ, ಶಕ್ತಿ ಸಾಲದೆಂದು ತಿಳಿದು, ಆಂಪ್ಲಿಫೈಯರ್ ಇರುವ ಏರಿಯಲ್ ಒಂದನ್ನು ಹದಿನೆಂಟುನೂರು ಕೊಟ್ಟು ತರಿಸಿದೆ. ಅದು ಸದ್ದನ್ನೂ ದನಿಯನ್ನೂ ಒಂದೇ ಸಮನೆ ಹೆಚ್ಚಿಸಿತು. ಆ ಹಣಕ್ಕಾಗಿ ಇಂದಿಗೂ ಮರುಗುತ್ತೇನೆ.

ಕಣ್ಣು ತೆರೆಸಿದ್ದು ಕರೆಂಟು. ಮೇ ತಿಂಗಳ ಒಂದು ಮಧ್ಯಾಹ್ನ ಇಡೀ ಓಣಿಗೆ ಕರೆಂಟು ಹೋಯಿತು. ಆ ಹೊತ್ತಿಗೆ ನಮ್ಮ ಇನ್ವರ್ಟರೂ ಕೆಟ್ಟು ದುರಸ್ತಿಗೆ ಹೋಗಿತ್ತು. ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಸೆಟ್ಟಿನಲ್ಲಿ, ಯಾವ ಏರಿಯಲ್ಲೂ ಇಲ್ಲದೆ, ಧಾರವಾಡ ತೆಳುವಾಗಿ ಕೇಳಿಸತೊಡಗಿತು. ನೇರ ಲೆಕ್ಕದಲ್ಲಿ ಸುಮಾರು 280 ಕಿಲೋಮೀಟರ್ ದೂರದ 200 ಕಿಲೋವ್ಯಾಟ್ ಪ್ರಸಾರ ನಮ್ಮ ಮನೆಯವರೆಗೆ ಬರುತ್ತಲೇ ಇತ್ತು. ಅದನ್ನು ಮುಚ್ಚಿಹಾಕುತ್ತಿದ್ದುದು ಎಲ್‌ಇಡಿ ಬಲ್ಬು, ಚಾರ್ಜರ್ ಮತ್ತು ಇನ್ವರ್ಟರ್‌ಗಳ ಗದ್ದಲ. ಹೆಚ್ಚು ಹಿಡಿಯುವ ಏರಿಯಲ್ ನನಗೆ ಬೇಕಿರಲಿಲ್ಲ, ಬೇಡದ್ದನ್ನು ಬಿಡುವ ಏರಿಯಲ್ ಬೇಕಿತ್ತು.

ಆದ್ದರಿಂದ ಚೌಕಟ್ಟಿನ ಲೂಪ್, ಅಂದರೆ ಚೌಕಕ್ಕೆ ತಂತಿ ಸುತ್ತಿ ಬೇಕಾದ ದಿಕ್ಕಿಗೆ ತಿರುಗಿಸುವ ಏರಿಯಲ್, ಕಟ್ಟಲು ಕುಳಿತೆ. ಹಳೆಯ ಮಂಚದ ಪಟ್ಟಿಗಳಿಂದ ಎರಡಡಿ ಚೌಕ ಮಾಡಿ, ಮೋಟಾರು ವೈಂಡಿಂಗ್ ಅಂಗಡಿಯಿಂದ ತೂಕದ ಮೇಲೆ ಎನಾಮೆಲ್ ತಂತಿ ತಂದು, ಸುತ್ತು ಹೆಚ್ಚಿದಷ್ಟೂ ಒಳ್ಳೆಯದೆಂದು ಹದಿನಾಲ್ಕು ಸುತ್ತು ಹಾಕಿದೆ. ಕೇಂದ್ರ ಹಿಡಿಯಲು ತಿರುಗಿಸುವ 500 ಪಿಎಫ್ ಗ್ಯಾಂಗ್ ಕಂಡೆನ್ಸರ್ ಗುಜರಿಯಲ್ಲಿ ಸಿಕ್ಕಿತು. ಅದರ ತಟ್ಟೆಗಳನ್ನು ಪೂರ್ತಿ ತೆರೆದರೂ ನಮ್ಮೂರಿನ 1107ಕ್ಕೆ ಲೂಪ್ ಏರಲೇ ಇಲ್ಲ, ಒಂಬೈನೂರರ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಒಂದೊಂದೇ ಸುತ್ತು ಬಿಚ್ಚುತ್ತ, ಪ್ರತಿ ಸಲವೂ ತಂತಿಯ ತುದಿಯ ಎನಾಮೆಲನ್ನು ಬ್ಲೇಡಿನಿಂದ ಕೆಂಪು ತಾಮ್ರ ಹೊಳೆಯುವವರೆಗೆ ಹೆರೆದು ಮತ್ತೆ ಬೆಸುಗೆ ಹಾಕುತ್ತ, ಹತ್ತಕ್ಕೆ ಬಂದಾಗ ಇಡೀ ಬ್ಯಾಂಡು ಕೈಗೆ ಸಿಕ್ಕಿತು. ಒಂದು ಬೆಸುಗೆಯಲ್ಲಿ ಎನಾಮೆಲ್ ಸರಿಯಾಗಿ ಹೋಗದೆ ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಒಟ್ಟು ಖರ್ಚು ಏಳುನೂರು ದಾಟಿಲ್ಲ.

ಸೆಟ್ಟಿಗೆ ತಂತಿ ಜೋಡಿಸುವ ಅಗತ್ಯವಿಲ್ಲ. ಸೆಟ್ಟಿನೊಳಗೆ ಪ್ರಸಾರ ಹಿಡಿಯುವ ಫೆರೈಟ್ ಕಡ್ಡಿ ಚೌಕಟ್ಟಿನ ಮೈಗೆ ಅಡ್ಡವಾಗಿ ನಿಲ್ಲುವಂತೆ ಹತ್ತಿರ ಇಟ್ಟರೆ ಸಾಕು. ಎಷ್ಟು ಹತ್ತಿರ, ಚೌಕಟ್ಟಿನ ಯಾವ ಮೂಲೆಗೆ ಎಂಬುದನ್ನೂ, ಸುತ್ತುಗಳ ನಡುವೆ ನಾನು ಬಿಟ್ಟ ಅಂತರವನ್ನೂ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ. ಚೌಕಟ್ಟಿನ ಅಂಚನ್ನು ನೈಋತ್ಯಕ್ಕೆ ತಿರುಗಿಸಿ ಗ್ಯಾಂಗನ್ನು ಕೂದಲೆಳೆಯಷ್ಟು ಸರಿಸಿದಾಗ ಗುಂಯ್ ಸದ್ದು ಕುಸಿಯಿತು, ಅದರೊಳಗಿಂದ ದನಿ ಮೇಲೆದ್ದು ಬಂತು. ಒಳಕೋಣೆಯಿಂದ ತಾಯಿ "ಧಾರವಾಡ ಬಂತೇನಪ್ಪಾ?" ಎಂದು ಕೇಳಿದರು. ಎಲ್ಲ ಬಲ್ಬುಗಳೂ ಉರಿಯುತ್ತಿದ್ದಾಗಲೇ ಬಂದದ್ದು ಇದು. ಈ ಕೆಲಸವನ್ನು ನಮ್ಮ ಗುಂಪಿನಲ್ಲಿ ಬೇರಾರೂ ಮಾಡಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ಅದೇ ಚೌಕಟ್ಟಿನಿಂದ ಇನ್ನೊಂದು ಪ್ರಯೋಗವೂ ನಡೆಯಿತು. ಮೇ ಕೊನೆಗೆ, ಹಗಲಿನಲ್ಲಿ ಯಾವ ಕೇಂದ್ರವೂ ಕೇಳಿಸದ 550ರ ಆಸುಪಾಸಿನಲ್ಲಿ ಮುಳ್ಳು ನಿಲ್ಲಿಸಿ, ಮಿಂಚಿನಿಂದ ಬರುವ ಚಟಪಟ ಸದ್ದನ್ನು ನಿಮಿಷಕ್ಕೆ ಎಷ್ಟೆಂದು ಎಣಿಸತೊಡಗಿದೆ. ಮೂರು ಗಂಟೆಗೆ ಹತ್ತು ಹನ್ನೆರಡು ಇದ್ದದ್ದು ನಾಲ್ಕೂವರೆಗೆ ನಲವತ್ತು ದಾಟಿದ ದಿನಗಳಲ್ಲಿ, ಟಿವಿಯ ಪಟ್ಟಿಯಲ್ಲಿ ಮಳೆಯ ಸುಳಿವಿಲ್ಲದಿದ್ದರೂ, ಸಂಜೆಗೆ ಗಾಳಿ ಧೂಳೆಬ್ಬಿಸಿ ಮಳೆ ಬಂತು. ಹದಿನೈದು ಸಂಜೆಗಳಲ್ಲಿ ಹತ್ತೋ ಹನ್ನೊಂದೋ ಸರಿಹೋದವು. ಚೌಕಟ್ಟನ್ನು ತಿರುಗಿಸಿ ಸದ್ದು ಸಣ್ಣಗಾಗುವ ಜಾಗ ಹುಡುಕಿದರೆ ಮೋಡ ಯಾವ ಗೆರೆಯ ಮೇಲಿದೆ ಎಂದು ತಿಳಿಯುತ್ತದೆ. ಆದರೆ ಅದು ಆಳಂದದ ಕಡೆಯದೋ, ಅದಕ್ಕೆ ಎದುರಾದ ಚಿತ್ತಾಪುರದ ಕಡೆಯದೋ ಎಂದು ಲೂಪ್ ಹೇಳುವುದಿಲ್ಲ, ಮಾಳಿಗೆ ಹತ್ತಿಯೇ ನೋಡಬೇಕು. ಮಾಳಿಗೆಯ ಮೇಲೆ ಹರವಿದ ಸಂಡಿಗೆಯನ್ನು ಈ ಎಣಿಕೆಯಿಂದ ಮೂರು ಸಲ ಉಳಿಸಿದ್ದೇನೆ.

ಫೋನಿನ ಮಾತಾಡಿದ್ದ ಪಕ್ಕದ ಮನೆಯವರು ಈಗ ತಮಗೂ ಒಂದು ಕಟ್ಟಿಕೊಡಲು ಕೇಳಿದ್ದಾರೆ. ತಂತಿ ತಂದಾಗಿದೆ, ಗ್ಯಾಂಗ್ ಮಾತ್ರ ಗುಜರಿಯಲ್ಲಿ ಇನ್ನೂ ಸಿಕ್ಕಿಲ್ಲ.