ಇಂಗಿನ ಘಾಟೂ ತಟ್ಟದ ಮೂಗಿಗೆ ಎರಡು ಹೊತ್ತಿನ ಅಭ್ಯಾಸ

ನೆಗಡಿ, ಕೋವಿಡ್ ವಾಸಿಯಾಗಿ ವಾರಗಳು ಕಳೆದರೂ ಒಗ್ಗರಣೆಯ ಇಂಗು ಮೂಗಿಗೆ ತಟ್ಟದಿದ್ದರೆ ಮೂಸುವ ಅಭ್ಯಾಸ ಶುರುಮಾಡಿ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ: ಈ ನಾಲ್ಕು ಎಣ್ಣೆ ಸಾಕು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಘಮಗಳೂ ಇವೇ.

ಅಗಲ ಬಾಯಿಯ, ಬಿಗಿ ಮುಚ್ಚಳದ ನಾಲ್ಕು ಕಂದು ಗಾಜಿನ ಸೀಸೆಗಳಲ್ಲಿ ಹತ್ತಿಯಿಟ್ಟು ಒಂದೊಂದಕ್ಕೆ 1 ಮಿ.ಲೀ. ಎಣ್ಣೆ ಬಿಡಿ. ಹೆಸರು ಬರೆದು ಅಂಟಿಸಿ. ಎಣ್ಣೆ ಸಿಗದಿದ್ದರೆ ಮಾಟುಂಗಾ ಮಾರುಕಟ್ಟೆಯ ಲವಂಗ ಕುಟ್ಟಿ ಹಾಕಿದರೂ ಆದೀತು. ನಿಂಬೆ ಸಿಪ್ಪೆಯಾದರೆ ದಿನವೂ ಬದಲಿಸಬೇಕು, ಮುಂಬೈ ಮಳೆಗಾಲದಲ್ಲಿ ಬೇಗ ಬೂಷ್ಟು ಹಿಡಿಯುತ್ತದೆ. ಗುಲಾಬಿಗೆ ಅತ್ತರು ಕೊಳ್ಳುವವರು ಗಂಧದೆಣ್ಣೆ ಬೆರೆಸಿಲ್ಲವೇ ಎಂದು ಕೇಳಿಕೊಳ್ಳಿ. ಊದುಬತ್ತಿ ಬೇಡ, ಹೊಗೆ ಮೂಗನ್ನು ಕೆರಳಿಸುತ್ತದೆ.

ಬೆಳಿಗ್ಗೆ ತಿಂಡಿಗೆ ಮುಂಚೆ, ರಾತ್ರಿ ಮಲಗುವ ಮುನ್ನ, ಒಂದೊಂದು ಸೀಸೆಯನ್ನೂ 10 ಸೆಕೆಂಡು ಮೆಲ್ಲಗೆ ಮೂಸಿ. ಒಂದೇ ಉಸಿರಿಗೆ ಜೋರಾಗಿ ಎಳೆಯಬೇಡಿ, ಎಣ್ಣೆ ಮೂಗಿಗೆ ತಾಗದಿರಲಿ. ಮೂಸುವಾಗ ಆ ಘಮವನ್ನು ನೆನಪಿಸಿಕೊಳ್ಳಿ. ಅರ್ಧ ನಿಮಿಷ ಬಿಟ್ಟು ಮುಂದಿನದು.

ಕನಿಷ್ಠ 12 ವಾರ ಬೇಕು. ಮೂಗಿನೊಳಗಿನ ಮೇಲ್ಭಾಗದ ಪೊರೆಯಲ್ಲಿ, ತಳದ ಕಾಂಡಕೋಶಗಳಿಂದ ದೊಡ್ಡವರಲ್ಲೂ ಹೊಸ ನರಕೋಶಗಳು ಹುಟ್ಟುತ್ತಿರುತ್ತವೆ. ಘಮದ ಕಣಗಳನ್ನು ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಲ್ಲಿ ಒಂದೊಂದು ಕೋಶ ಸಾಮಾನ್ಯವಾಗಿ ಒಂದನ್ನೇ ಹೊರುತ್ತದೆ. ಹುಟ್ಟಿದರಷ್ಟೇ ಸಾಲದು: ಅದರ ತಂತು ಜರಡಿಯಂಥ ಎಲುಬಿನ ರಂಧ್ರ ದಾಟಿ, ವಾಸನೆಯ ಸಂದೇಶ ಮೊದಲು ತಲುಪುವ ಮಿದುಳಿನ ಭಾಗವಾದ ಘ್ರಾಣಗಡ್ಡೆಯಲ್ಲಿ ತನ್ನದೇ ಬಗೆಯ ತಂತುಗಳು ಸೇರುವ ಗೊಂಚಲನ್ನು ಹುಡುಕಬೇಕು. ಇಲಿಗಳಲ್ಲಿ ಮಿದುಳಿನೊಳಗಿಂದಲೂ ಈ ಗಡ್ಡೆಗೆ ಹೊಸ ಕೋಶಗಳು ಬರುತ್ತವೆ. ವಯಸ್ಕ ಮನುಷ್ಯರಲ್ಲಿ ಆ ದಾರಿ ಬಹುತೇಕ ನಿಂತಂತೆ ಕಾಣುತ್ತದೆ, ಹಾಗಾಗಿ ನಮ್ಮ ಭರವಸೆಯೆಲ್ಲ ಮೂಗಿನ ಪೊರೆಯ ಮೇಲೆ.

ನಡುವೆ ಫಿಲ್ಟರ್ ಕಾಫಿ, ಈರುಳ್ಳಿ, ಬೆಳ್ಳುಳ್ಳಿ ಕೊಳೆತಂತೆ ನಾರಬಹುದು. ಜೋಡಣೆ ಅರೆಬರೆಯಾಗಿರುವುದು ಇದಕ್ಕೊಂದು ಕಾರಣವಿರಬಹುದು. ಊಟದಿಂದ ಅವನ್ನು ಸ್ವಲ್ಪ ದಿನ ದೂರವಿಡಿ, ಅಭ್ಯಾಸ ನಿಲ್ಲಿಸಬೇಡಿ.

ಹೆಚ್ಚಿನವರು ಮೋಸಹೋಗುವುದು ನೀಲಗಿರಿಯಲ್ಲಿ. ಅಮೃತಾಂಜನದ ಹಾಗೆ ಅದೂ ತಣ್ಣಗೆ ಚುರುಗುಟ್ಟುತ್ತದೆ. ಆ ಚುರುಕು ತಿಳಿಸುವುದು ಮುಖದ ಬೇರೆ ನರ, ಅದು ವಾಸನೆಯಲ್ಲ. ಗುಲಾಬಿ ಹತ್ತಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೂಗಿನೊಳಗೆ ದುರ್ಮಾಂಸ ಬೆಳೆದು ಗಾಳಿಯೇ ಮೇಲೇರದಿದ್ದರೆ ಅಭ್ಯಾಸ ಫಲಿಸದು. ಒಂದೇ ಹೊಳ್ಳೆ ಕಟ್ಟಿಕೊಂಡಿದ್ದರೆ, ರಕ್ತ ಬರುತ್ತಿದ್ದರೆ, ತಲೆಗೆ ಪೆಟ್ಟಾದ ಮೇಲೆ ವಾಸನೆ ಹೋಗಿದ್ದರೆ ಮೊದಲು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ವಾಸನೆ ಮರಳುವವರೆಗೆ ಅಡುಗೆಮನೆಗೆ ಗ್ಯಾಸ್ ಅಲಾರಂ ಹಾಕಿಸಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಅಲಾರಂ ನೆಲದ ಹತ್ತಿರವಿರಬೇಕು. ಪೈಪ್ ಗ್ಯಾಸ್ ಹಗುರ, ಅದಕ್ಕೆ ಚಾವಣಿಯ ಹತ್ತಿರ. ಕೊಳ್ಳುವಾಗ ಯಾವ ಗ್ಯಾಸಿಗೆಂದು ಹೇಳಿಯೇ ಕೊಳ್ಳಿ.