ಬ್ರ್ಯಾಂಡ್ ಆಮೇಲೆ, ಮೊದಲು ಎರಡು ಮೊಳೆ

"ಬಾಬೊಲಾಟ್ ತಗೊಳ್ಳಲಾ, ಯೋನೆಕ್ಸ್ ತಗೊಳ್ಳಲಾ?" ಎಂದು ಟೆನಿಸ್ ಆಡುವವರು ಯಾರೇ ಕೇಳಿದರೂ ನಾನು ಮೊದಲು ಕೇಳುವುದು, ಈಗ ಕೈಯಲ್ಲಿರುವ ರ‍್ಯಾಕೆಟ್‌ನ ಸ್ವಿಂಗ್‌ವೇಟ್ ಎಷ್ಟು ಅಂತ. ಬೀಸುವಾಗ ರ‍್ಯಾಕೆಟ್ ತೋಳಿಗೆ ಎಷ್ಟು ಭಾರ ಅನ್ನಿಸುತ್ತದೆ ಅನ್ನುವ ಅಂಕ ಅದು. ಅದು ಗೊತ್ತಿಲ್ಲದೆ 18–20 ಸಾವಿರ ಸುರಿಯುವುದು ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ. ಫ್ರೇಮಿನ ಮೇಲೆ ಅಚ್ಚಾದ 300 ಗ್ರಾಂ, ಗಟ್ಟಿಂಗ್ (ದಾರದ ಹೆಣಿಗೆ) ಇಲ್ಲದ ತೂಕ. ಒಂದೇ ಮಾಡೆಲಿನ ಎರಡು ಪೀಸ್ ಐದಾರು ಗ್ರಾಂ ಆಚೀಚೆ ಬರುವುದು ಮಾಮೂಲು. ಗಟ್ಟಿಂಗ್ ಹಾಕಿದ ಮೇಲೆ ತೂಕ 15–17 ಗ್ರಾಂ ಏರುತ್ತದೆ, ಸ್ವಿಂಗ್‌ವೇಟ್ 30ರ ಹತ್ತಿರ ಜಿಗಿಯುತ್ತದೆ. ತೋಳಿಗೆ ತಿಳಿಯುವುದು ಆ ಎರಡನೆಯ ಅಂಕ.

ಅದನ್ನು ಅಳೆಯುವ ಮೆಷಿನ್ ದುಬಾರಿ, ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ನಾನು ಬಳಸುವುದು ಮರದ ಹಲಗೆಗೆ ಹೊಡೆದ ಎರಡು ನಾಲ್ಕಿಂಚಿನ ಮೊಳೆ, 400 ರೂಪಾಯಿಯ ಅಡುಗೆಮನೆ ತಕ್ಕಡಿ, ಟೇಲರ್ ಟೇಪು, ಮೊಬೈಲ್. "ಗೋಡೆ ಗಡಿಯಾರ ಮಾಡ್ತಿದ್ದೀರಾ?" ಎಂದು ನಕ್ಕವರೇ ಈಗ ಭಾನುವಾರ ರ‍್ಯಾಕೆಟ್ ಹಿಡಿದುಕೊಂಡು ಬರುತ್ತಾರೆ. ಮೆಷಿನ್ ಅಂಕದ ಜೊತೆ ಹೋಲಿಸಿದರೆ ಎರಡು ಮೂರು ಅಂಕದೊಳಗೇ ಕೂರುತ್ತದೆ.

ಮೊಳೆಗಳ ನಡುವೆ ಆರೇಳು ಸೆಂ.ಮೀ. ಅಂತರ ಇರಲಿ. ಹಲಗೆಯನ್ನು ಮೇಜಿನ ಮೇಲಿಟ್ಟು ಭಾರ ಹೇರಿ, ಮೊಳೆಗಳು ಅಂಚಿನಿಂದ ನಾಲ್ಕೈದು ಸೆಂ.ಮೀ. ಹೊರಗೆ ಚಾಚಿರಬೇಕು. ತಲೆಯ ತುದಿಯ ಚೌಕಟ್ಟು ಮೊಳೆಗಳ ಮೇಲೆ ಕೂತು ಹಿಡಿ ಕೆಳಗೆ ನೇತಾಡಬೇಕು. ತೂಗಬೇಕಾದದ್ದು ಹಿಂದೆ ಮುಂದೆ, ಅಂದರೆ ಚೆಂಡು ಹೊಡೆಯುವ ದಿಕ್ಕಿಗೆ. ಒಂದೇ ಮೊಳೆಗೆ ಹಾಕಿ ಪಕ್ಕದಿಂದ ಪಕ್ಕಕ್ಕೆ ತೂಗಿಸುವವರಿಗೆ 13–15 ಅಂಕ ಜಾಸ್ತಿ ಬರುತ್ತದೆ. ಹೆಚ್ಚಿನವರು ಕೆಡುವುದು ಇಲ್ಲೇ. ಮೊಳೆಯ ಮೇಲೆ ರ‍್ಯಾಕೆಟ್ ಜಾರಿದರೂ ಲೆಕ್ಕ ಹೋಯಿತು, ಅರದಿಂದ ಮೊಳೆಯಲ್ಲಿ ಸಣ್ಣ ಕಚ್ಚು ಕೊರೆದುಕೊಳ್ಳಿ. ಆ ಕಚ್ಚಿನ ಆಕಾರದಲ್ಲಿ ನನ್ನದೊಂದು ಗುಟ್ಟಿದೆ, ಅದು ನನ್ನಲ್ಲೇ ಇರಲಿ.

ತೂಗು ಸಣ್ಣದಿರಲಿ, ಹಿಡಿಯ ತುದಿ ಐದಾರು ಸೆಂ.ಮೀ. ಸರಿದರೆ ಸಾಕು. 30 ತೂಗುಗಳನ್ನು (ಹೋಗಿ ಬಂದರೆ ಒಂದು ತೂಗು) ವಿಡಿಯೊ ಮಾಡಿ, ಒಟ್ಟು ಸಮಯವನ್ನು 30ರಿಂದ ಭಾಗಿಸಿ. ಲೆಕ್ಕ ಹೀಗೆ: 24.85 × ತೂಕ (ಕಿಲೋದಲ್ಲಿ) × ಮೊಳೆಯಿಂದ ಸಮತೋಲ ಬಿಂದುವಿಗಿರುವ ದೂರ (ಸೆಂ.ಮೀ.) × ಒಂದು ತೂಗಿನ ಅವಧಿಯ ವರ್ಗ. ಬಂದದ್ದರಿಂದ ತೂಕ × ಅದೇ ದೂರದ ವರ್ಗವನ್ನು ಕಳೆಯಿರಿ. ಹಿಡಿಯ ತುದಿಯಿಂದ ಸಮತೋಲ ಬಿಂದುವಿಗಿರುವ ದೂರದಲ್ಲಿ 10 ಕಳೆದು, ಅದರ ವರ್ಗವನ್ನು ತೂಕದಿಂದ ಗುಣಿಸಿ ಕೂಡಿಸಿ. ಉದಾಹರಣೆಗೆ 320 ಗ್ರಾಂ, ಸಮತೋಲ 33 ಸೆಂ.ಮೀ., ಮೊಳೆ ಹಿಡಿಯ ತುದಿಯಿಂದ 66.5ರಲ್ಲಿ, 30 ತೂಗಿಗೆ 41.6 ಸೆಕೆಂಡ್ ಆದರೆ ಸ್ವಿಂಗ್‌ವೇಟ್ 322ರ ಆಸುಪಾಸು.

ಸಮಯದಲ್ಲಿ 0.3 ಸೆಕೆಂಡ್ ತಪ್ಪಿದರೆ ಏಳು ಅಂಕ ಹೋಗುತ್ತದೆ. ಅದಕ್ಕಿಂತ ಅಪಾಯ ಸಮತೋಲ ಬಿಂದು: ಅರ್ಧ ಸೆಂಟಿಮೀಟರ್ ತಪ್ಪಿದರೆ ಹತ್ತು ಅಂಕ. ಬೆರಳ ಮೇಲೆ ನಿಲ್ಲಿಸಿ ನೋಡುವುದು ಸಾಲದು, ಮೂರುಮೂಲೆ ಸ್ಕೇಲಿನ ಅಂಚಿನ ಮೇಲಿಟ್ಟು ಮಿಲಿಮೀಟರ್ ಲೆಕ್ಕದಲ್ಲಿ ಗುರುತು ಹಾಕಿ. ಓವರ್‌ಗ್ರಿಪ್ (ಹಿಡಿಯ ಮೇಲೆ ಸುತ್ತುವ ತೆಳು ಪಟ್ಟಿ), ಡ್ಯಾಂಪನರ್ (ದಾರಕ್ಕೆ ಸಿಕ್ಕಿಸುವ ರಬ್ಬರ್ ತುಂಡು) ಆಡುವಾಗ ಇರುವಂತೆಯೇ ಇರಲಿ.

ಅಂಕ ಕೈಗೆ ಬಂದ ಮೇಲೆ ಬ್ರ್ಯಾಂಡ್. ಬೇಸ್‌ಲೈನಲ್ಲೇ ನಿಂತು ಟಾಪ್‌ಸ್ಪಿನ್ ಎಳೆಯುವವರಿಗೆ 100 ಚದರ ಇಂಚಿನ, 16×19 ಹೆಣಿಗೆಯ (ಉದ್ದಕ್ಕೆ 16, ಅಡ್ಡಕ್ಕೆ 19 ದಾರ) ಬಾಬೊಲಾಟ್ ಪ್ಯೂರ್ ಏರೊ ಅಥವಾ ಯೋನೆಕ್ಸ್ ವಿಕೋರ್ ಹೊಂದುತ್ತದೆ. 318–325 ಅಂಕ ಸಾಕು. ಪೂರ್ತಿ ತೋಳು ಬೀಸಿ ಚಪ್ಪಟೆ ಹೊಡೆಯುವವರಿಗೆ ಅದರಲ್ಲಿ ಚೆಂಡು ಮೇಲೆ ಹಾರುತ್ತದೆ. ಅವರು ವಿಲ್ಸನ್ ಬ್ಲೇಡ್ 98, ಹೆಡ್ ಪ್ರೆಸ್ಟೀಜ್ ಕಡೆ ನೋಡಬೇಕು. ಬ್ಲೇಡ್ 18×20ರಲ್ಲೂ ಬರುತ್ತದೆ, ಚೆಂಡು ಇನ್ನೂ ತಗ್ಗಿ ಹೊರಡುತ್ತದೆ. ಡಬಲ್ಸ್ ಆಡುವ, ಮೊಣಕೈ ಸದ್ದು ಮಾಡುತ್ತಿರುವವರಿಗೆ ಬಾಬೊಲಾಟ್ ಪ್ಯೂರ್ ಡ್ರೈವ್ ನಾನು ಕೊಡುವುದಿಲ್ಲ. ಅದರ ಬಿಗುವು (ಫ್ರೇಮಿನ ಗಡಸುತನ, ಅಳತೆ ಆರ್‌ಎ) ಆರ್‌ಎ 70ರ ಸುತ್ತ, ವಿಲ್ಸನ್ ಕ್ಲ್ಯಾಶ್‌ನದು 55ರ ಸುತ್ತ. ಪಾಲಿ (ಪಾಲಿಯೆಸ್ಟರ್ ದಾರದ) ಗಟ್ಟಿಂಗ್ 55 ಪೌಂಡ್ ಬಿಗಿದು, ಬಿಗುವಿನ ಫ್ರೇಮು ಹಿಡಿದು, ಆಮೇಲೆ ಡಾಕ್ಟರಿಗೆ ಕೊಡುವ ದುಡ್ಡಲ್ಲಿ ಇನ್ನೊಂದು ರ‍್ಯಾಕೆಟ್ ಬರುತ್ತದೆ.

ಹಿಡಿಯ ಆಕಾರವನ್ನು ಮಾತ್ರ ಬ್ರ್ಯಾಂಡ್ ನೋಡಿಯೇ ಆರಿಸಬೇಕು, ಟೇಪು ಅಂಟಿಸಿ ಸರಿಮಾಡಲು ಬರದ ವಿಷಯ ಅದು. ಹೆಡ್ ಕಂಪನಿಯ ಹಿಡಿ ಅಗಲ, ಚಪ್ಪಟೆ. ವಿಲ್ಸನ್, ಬಾಬೊಲಾಟ್ ದುಂಡು. ಗ್ರಿಪ್ ಬದಲಿಸಿ ಬದಲಿಸಿ ಸ್ಲೈಸ್, ವಾಲಿ ಆಡುವವರಿಗೆ ಚಪ್ಪಟೆಯಲ್ಲಿ ಅಂಚು ಬೇಗ ಸಿಗುತ್ತದೆ. ಎಲ್‌2, ಎಲ್‌3 ಅಳತೆಗಳ (ಹಿಡಿಯ ದಪ್ಪ) ನಡುವೆ ಅನುಮಾನ ಬಂದರೆ ಎಲ್‌2 ತಗೊಳ್ಳಿ. ಓವರ್‌ಗ್ರಿಪ್ ಒಂದಕ್ಕೆ ಹದಿನಾರನೇ ಒಂದು ಇಂಚು ದಪ್ಪವಾಗುತ್ತದೆ, ತೆಳ್ಳಗೆ ಮಾಡುವುದು ಕಷ್ಟ.

ಭಾರವೂ ಹಾಗೇ: ಸೇರಿಸಬಹುದು, ಕಳೆಯಲಾಗದು. ಫೆಡರರ್ ಹೆಸರಿಗೆ ಮರುಳಾಗಿ 340 ಗ್ರಾಂನ ಆರ್‌ಎಫ್ 97 ಸೆಕೆಂಡ್ ಹ್ಯಾಂಡ್ ಕೊಂಡವರು ಎರಡನೇ ಸೆಟ್ಟಿಗೆ ಸರ್ವ್ ಕೆಳಗಿಳಿಸುತ್ತಾರೆ, ಅದಕ್ಕೆ ಮದ್ದಿಲ್ಲ. ಗುರಿಗಿಂತ ಏಳೆಂಟು ಅಂಕ ಕಡಿಮೆ ಇರುವುದನ್ನು ಕೊಂಡು ಸೀಸದ ಟೇಪು ಹಾಕುವುದು ನನ್ನ ದಾರಿ. ಕಾಲಿಂಚಿನ ಟೇಪು ನಾಲ್ಕಿಂಚಿಗೆ ಒಂದು ಗ್ರಾಂ. ತಲೆಯ ತುದಿಗೆ ಒಂದು ಗ್ರಾಂ ಹಾಕಿದರೆ ಮೂರು ಅಂಕ ಚಿಲ್ಲರೆ, ಮೂರು ಮತ್ತು ಒಂಬತ್ತು ಗಂಟೆಯ ಜಾಗದಲ್ಲಾದರೆ ಎರಡರ ಒಳಗೆ, ಹಿಡಿಯಲ್ಲಾದರೆ ಲೆಕ್ಕಕ್ಕೇ ಇಲ್ಲ. ವಾಲಿಯಲ್ಲಿ ರ‍್ಯಾಕೆಟ್ ತಿರುಚುತ್ತದೆ ಅನ್ನುವವರಿಗೆ ಮೂರು–ಒಂಬತ್ತು. ಸರ್ವಿಗೆ ನಾನು ಹಾಕುವ ಜಾಗ ಇವೆರಡೂ ಅಲ್ಲ, ಅಷ್ಟು ಮಾತ್ರ ಹೇಳುತ್ತೇನೆ. ಫ್ರೇಮನ್ನು ಸ್ಪಿರಿಟ್‌ನಲ್ಲಿ ಒರೆಸದೆ ಅಂಟಿಸಿದರೆ ಬೆವರಿಗೆ ಎದ್ದು ಬರುತ್ತದೆ. ಸೀಸ ಮುಟ್ಟಿದ ಕೈ ತೊಳೆಯಿರಿ, ಮೇಲೆ ಪ್ಲಾಸ್ಟಿಕ್ ಟೇಪು ಹಾಕಿ.

ಅಡ್ಡ ಪ್ರಯೋಗಗಳೂ ಆಗಿವೆ. ಹಿಡಿಯ ಮುಚ್ಚಳದೊಳಗೆ ಹಳದಿ 5 ರೂಪಾಯಿ ನಾಣ್ಯ, ಸುಮಾರು 6 ಗ್ರಾಂ, ಹತ್ತಿ ತುರುಕಿ ಕೂರಿಸಿದರೂ ಕೊನೆಗೆ ಗಲಗಲ ಅನ್ನುತ್ತದೆ. ಸಿಂಥೆಟಿಕ್ ಗ್ರಿಪ್ ತೆಗೆದು ಚರ್ಮದ್ದು ಸುತ್ತಿದರೆ ಹತ್ತು ಗ್ರಾಂ ಅಚ್ಚುಕಟ್ಟಾಗಿ ಏರುತ್ತದೆ, ಅಂಚುಗಳೂ ಚೂಪಾಗುತ್ತವೆ. ಮಂಗಳೂರಿನ ಮಳೆಗಾಲಕ್ಕೆ ಮಾತ್ರ ಬೇಡ, ಬೂಸ್ಟು ಹಿಡಿಯುತ್ತದೆ. ಎರಡೂ ದಿಕ್ಕಿಗೆ ತೂಗಿಸಿ ಅಂಕಗಳನ್ನು ಕಳೆದರೆ, ರ‍್ಯಾಕೆಟ್ ಕೈಯಲ್ಲಿ ತಿರುಚದಂತೆ ತಡೆಯುವ ಗುಣದ ಅಂಕವಾದ ಟ್ವಿಸ್ಟ್‌ವೇಟ್ ಸಿಗಬೇಕು. ಲೆಕ್ಕ ಸರಿ, ಆದರೆ ಉತ್ತರವೇ 14ರಷ್ಟು ಸಣ್ಣದು, ಅಳತೆಯ ತಪ್ಪು ಮೂರು. ಅದನ್ನು ನೆಚ್ಚಿ ರ‍್ಯಾಕೆಟ್ ಕೊಳ್ಳಬೇಡಿ.

ಗಟ್ಟಿಂಗ್ ಬಿಗಿಗೆ ಊರೂ ಸೇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಚಿಲ್ಲರೆ ಎತ್ತರ. ಎತ್ತರದ ಊರಿಗೆಂದೇ ಮಾಡುವ ಚೆಂಡು 1,219 ಮೀಟರ್ ಮೇಲಿನ ಜಾಗಗಳಿಗೆ, ಹಾಗಾಗಿ ಇಲ್ಲಿ ಮಾಮೂಲು ಚೆಂಡೇ, ಅದು ತೆಳು ಗಾಳಿಯಲ್ಲಿ ಉದ್ದ ಹೋಗುತ್ತದೆ. ಮಂಗಳೂರಲ್ಲಿ 48 ಪೌಂಡಿಗೆ ಆಡುವ ಪಾಲಿಯನ್ನು ಇಲ್ಲಿ 50–51ಕ್ಕೆ ಬಿಗಿಸುತ್ತೇನೆ. ಪಾಲಿ 12–15 ಗಂಟೆ ಆಟಕ್ಕೆ ಸತ್ತಿರುತ್ತದೆ, ತುಂಡಾಗದಿದ್ದರೂ ಕತ್ತರಿಸಿ. ಕೂಲಿ ಸೇರಿ ಸಾವಿರ, ಸಾವಿರದ ಇನ್ನೂರು ಆದೀತು. ಹೊಸ ರ‍್ಯಾಕೆಟ್ ಪರೀಕ್ಷಿಸುವಾಗ ಹಳೆಯದಕ್ಕೂ ಅದೇ ದಾರ, ಅದೇ ಪೌಂಡ್, ಅದೇ ದಿನ ಹಾಕಿಸಿ. ಇಲ್ಲವಾದರೆ ನೀವು ಹೋಲಿಸುತ್ತಿರುವುದು ಫ್ರೇಮನ್ನಲ್ಲ, ದಾರವನ್ನು.