ದೊಡ್ಡ ಜಿರಳೆ ಹೊರಗಿನದು: ಸ್ಪ್ರೇ ಬಿಟ್ಟು ಹಿಡಿದ ದಾರಿ

ಸ್ಪ್ರೇ ಹೊಡೆಯದೆ ಚರಂಡಿ ಜಿರಳೆ ಹತೋಟಿಗೆ ಬರುವುದೇ ಇಲ್ಲ ಎಂದವರೇ ಹೆಚ್ಚು. ಸ್ಪ್ರೇ ಮುಟ್ಟದೆ ಸುಮಾರು 2 ವರ್ಷವಾಯಿತು, ಒಳಗೆ ಕಾಣಿಸುವುದು ತಿಂಗಳಿಗೆ ಒಂದೋ ಎರಡೋ. ಅದಕ್ಕೇ ಬರೆಯುತ್ತಿದ್ದೇನೆ. ಕಪಾಟಿನ ಸಂದಿಯ ಸಣ್ಣ ಜರ್ಮನ್ ಜಿರಳೆಗೆ ಈ ವಿಧಾನ ಹೊಂದುವುದಿಲ್ಲ. ನಾನು ಹೇಳುವ ಚರಂಡಿ ಜಿರಳೆ 4 ಸೆಂ.ಮೀ. ಆಸುಪಾಸು ಬೆಳೆಯುವ, ಕೆಂಗಂದು ಮೈಯ, ತಲೆಯ ಹಿಂದಿನ ಫಲಕಕ್ಕೆ ಹಳದಿ ಅಂಚಿರುವ ಪೆರಿಪ್ಲಾನೆಟಾ ಅಮೆರಿಕಾನಾ. ಹೆಸರಿಗೆ ಅಮೆರಿಕದ್ದು, ಮೂಲ ಆಫ್ರಿಕಾ.

ಮೊದಲು ಮಾಡಿದ ತಪ್ಪು, ಕಂಡಲ್ಲೆಲ್ಲ ಪೈರೆಥ್ರಾಯ್ಡ್ ಎಂಬ ಕೀಟನಾಶಕದ ಸ್ಪ್ರೇ ಹೊಡೆದದ್ದು. ಎದುರಿಗಿದ್ದದ್ದು ಸತ್ತಿತು, ಉಳಿದವು ಚದುರಿ ಹೊಸ ಸಂದಿ ಸೇರಿದವು. ಮೊಟ್ಟೆಕೋಶದ ಚಿಪ್ಪಿನೊಳಗೆ ಔಷಧಿ ಇಳಿಯುವುದಿಲ್ಲ. ಹೆಣ್ಣು ಅದನ್ನು ಒಂದೆರಡು ದಿನ ಮಾತ್ರ ಹೊಟ್ಟೆಯ ಹಿಂತುದಿಯಲ್ಲಿ ಹೊತ್ತು, ಆಮೇಲೆ ತೇವದ ಸಂದಿಯಲ್ಲಿ ಜೊಲ್ಲಿನಿಂದ ಅಂಟಿಸಿ ಹೋಗುತ್ತದೆ. ಒಳಗೆ 14ರಿಂದ 16 ಮೊಟ್ಟೆ. ಒಂದೂವರೆ, ಎರಡು ತಿಂಗಳಿಗೆ ಮರಿ. ಸ್ಪ್ರೇ ಮಾಡಿ ಸರಿಯಾಗಿ ಅಷ್ಟೇ ದಿನಕ್ಕೆ ಮತ್ತೆ ಮರಿಗಳ ಹಿಂಡು ಏಳುತ್ತಿದ್ದದ್ದು ಇದೇ ಕಾರಣಕ್ಕೆ. ಇದು ತಿಳಿಯುವ ಹೊತ್ತಿಗೆ ನಾಲ್ಕು ಸಲದ ಸ್ಪ್ರೇ ಹಣ ನೀರಿಗೆ ಹೋಗಿತ್ತು.

ಕೊನೆಗೆ ಕೈ ಹಿಡಿದದ್ದು ಟಾರ್ಚ್. ಕತ್ತಲಾಗಿ ಎರಡು ತಾಸಿನ ಮೇಲೆ, ಕೆಂಪು ಪಾರದರ್ಶಕ ಕಾಗದ ಸುತ್ತಿದ ಟಾರ್ಚ್ ಹಿಡಿದು ಹೊರಗಿನ ಗೋಡೆ ಸುತ್ತಿ, ಕಂಡ ಜಾಗಕ್ಕೆಲ್ಲ ಸೀಮೆಸುಣ್ಣದ ಗುರುತು ಹಾಕಬೇಕು. ಕೆಂಪು ಬೆಳಕಿಗೆ ಅವು ಓಡುವುದಿಲ್ಲ, ಮೀಸೆ ಆಡಿಸುತ್ತಾ ನಿಂತೇ ಇರುತ್ತವೆ. ಐದಾರು ರಾತ್ರಿಗೆ ಗುರುತುಗಳೆಲ್ಲ ಮೂರೇ ಕಡೆ ಗುಂಪಾದವು: ಮ್ಯಾನ್‌ಹೋಲ್ ಮುಚ್ಚಳದ ಅಂಚು, ಗೋಡೆಗೆ ಒತ್ತಿಕೊಂಡಿದ್ದ ಒಣ ಎಲೆಯ ಹೊದಿಕೆ, ತೊಟ್ಟಿಕ್ಕುವ ಹೊರಗಿನ ನಲ್ಲಿ. ಮೂರೂ ತೇವದ ಜಾಗ. ಈ ಜಿರಳೆ ಹಸಿವನ್ನು ವಾರಗಟ್ಟಲೆ ತಡೆಯುತ್ತದೆ, ಬಾಯಾರಿಕೆಯನ್ನು ಅಷ್ಟು ದಿನ ತಡೆಯುವುದಿಲ್ಲ.

ನಲ್ಲಿಗೆ ಹೊಸ ವಾಷರ್ ಹಾಕಿದೆ. ಎಲೆಯ ಹೊದಿಕೆಯನ್ನು ಗೋಡೆಯಿಂದ ಒಂದಡಿ ಹಿಂದೆ ಸರಿಸಿ, 4 ಬೆರಳಿದ್ದ ದಪ್ಪವನ್ನು 2 ಬೆರಳಿಗೆ ಇಳಿಸಿದೆ. ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ. ಅದೂ ಮೊದಲ ಸಲ ಕೆಟ್ಟಿತು: ಚೌಕಟ್ಟಿನ ಮಣ್ಣು ಕೆರೆಯದೆ ಅಂಟಿಸಿದ್ದರಿಂದ ಮುಚ್ಚಳ ಎತ್ತಿದಾಗಲೇ ಕಿತ್ತು ಬಂತು. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಒಂದು ದಿನ ಒಣಗಿಸಿಯೇ ಅಂಟಿಸಬೇಕು. ಇನ್ನು ಬಳಸದ ಬಚ್ಚಲಿನ ನಹಾನಿ ಟ್ರ್ಯಾಪ್, ಅಂದರೆ ನೆಲದ ತೂತಿನ ಕೆಳಗೆ ನೀರು ನಿಲ್ಲುವ ಬಾಗು. ಅದರ ನೀರು ಆರಿದರೆ ಚರಂಡಿಯಿಂದ ನೇರ ದಾರಿ. ಒಂದು ಚೊಂಬು ನೀರು ಸುರಿದು ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ. ಒಳಗೆ ಬರುತ್ತಿದ್ದ ಅರ್ಧಕ್ಕರ್ಧ ಇಷ್ಟಕ್ಕೇ ನಿಂತವು.

ಹಿಡಿಯಲು ಗಾಜಿನ ಜಾಡಿ. ಒಳಗೋಡೆಯ ಮೇಲ್ಭಾಗಕ್ಕೆ 4 ಬೆರಳು ಅಗಲ ವ್ಯಾಸಲೀನ್ ತೆಳುವಾಗಿ ಸವರಿ, ಹೊರಗೆ ಒರಟು ಬಟ್ಟೆ ಸುತ್ತಬೇಕು. ಬಟ್ಟೆ ಇದ್ದರೆ ಹತ್ತಲು ಒಳ್ಳೆಯ ಹಿಡಿತ ಸಿಗುತ್ತದೆ. ಒಳಗೆ ಬಿಯರಿನಲ್ಲಿ ನೆನೆಸಿದ ಬ್ರೆಡ್ಡು. ಹುಳಿ ಬಂದ ವಾಸನೆಗೆ ದೂರದಿಂದ ಬರುತ್ತವೆ. ಇನ್ನೊಂದು ಪದಾರ್ಥವನ್ನೂ ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ. 8 ಜಾಡಿಗೆ ಮೊದಲ ವಾರ 50ರ ಮೇಲೆ ಬಿದ್ದವು, ಮೂರನೇ ತಿಂಗಳಿಗೆ ವಾರಕ್ಕೆ ಮೂರೋ ನಾಲ್ಕೋ.

ಬೋರಿಕ್ ಆಸಿಡ್ ಪುಡಿಯಲ್ಲೂ ಏಟು ತಿಂದೆ. ತೇವದ ಜಾಗಕ್ಕೆ ಎರಚಿದ್ದು ಗಂಟು ಕಟ್ಟಿತು. ಒಣ ಸಂದಿಯಲ್ಲಿ ದಪ್ಪಗೆ ಸುರಿದರೆ ಬಳಸಿ ದಾಟಿದವು. ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಿದ್ದರೆ ಮಾತ್ರ ಅದರ ಮೇಲೆ ನಡೆದು, ಕಾಲು ಮೀಸೆ ನೆಕ್ಕಿಕೊಂಡು ಸಾಯುತ್ತವೆ. ಕುಡಿಸುವ ದ್ರವ ವಿಷಕ್ಕೆ 100 ಮಿ.ಲೀ. ನೀರು, 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್. ಬೇಗ ಸಾಯಲಿ ಎಂದು 5 ಗ್ರಾಂ ಹಾಕಿದಾಗ ಮೂಸಿ ಬಿಟ್ಟುಹೋದವು. ಹತ್ತಿಯಲ್ಲಿ ಅದ್ದಿ, ತೂತು ಕೊರೆದ ಮುಚ್ಚಿದ ಡಬ್ಬಿಯೊಳಗಿಡಿ; ಮಕ್ಕಳ, ನಾಯಿ ಬೆಕ್ಕಿನ ಕೈಬಾಯಿಗೆ ಎಟುಕಬಾರದು. ಒಂದು ಸಲದ ಸ್ಪ್ರೇಗೆ ಕೊಡುವ ಹಣದಲ್ಲಿ ವರ್ಷಕ್ಕಾಗುವಷ್ಟು ಬೋರಿಕ್ ಬಂದು, ರಬ್ಬರ್ ಪಟ್ಟಿಗೂ ಉಳಿಯಿತು.

ನಡುವೆ ಮೊಟ್ಟೆಕೋಶಗಳನ್ನು ಹೆಕ್ಕಿ, ಬಟ್ಟೆ ಬಿಗಿದ ಸೀಸೆಯಲ್ಲಿಟ್ಟು ನೋಡಿದೆ. 8 ಮಿ.ಮೀ. ಉದ್ದ, ಕಡುಗಂದು, ಪುಟ್ಟ ಪರ್ಸಿನ ಆಕಾರ. ಒಂದು ಅಂಚಿನುದ್ದಕ್ಕೂ ಗರಗಸದಂಥ ಹಲ್ಲು. ಮರಿ ಬಂದದ್ದು ಆ ಅಂಚಿನಲ್ಲೇ ಸೀಳಿತ್ತು. ಮೂರ್ನಾಲ್ಕರಲ್ಲಿ ಸೀಳೇ ಇಲ್ಲ, ಪಕ್ಕದಲ್ಲಿ ಸೂಜಿ ಚುಚ್ಚಿದಂಥ ಒಂದು ದುಂಡು ತೂತು, ಸೀಸೆಯ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಕಣಜಗಳು. ಅಪ್ರೊಸ್ಟೋಸೆಟಸ್ ಹಾಗೆನೋವಿ ಎಂಬ ಈ ಕಣಜ ಜಿರಳೆಯ ಮೊಟ್ಟೆಕೋಶದೊಳಗೇ ತನ್ನ ಮೊಟ್ಟೆ ಇಡುತ್ತದೆ, ಮನುಷ್ಯರಿಗೆ ಕುಟುಕುವುದಿಲ್ಲ. ಸ್ಪ್ರೇ ಹೊಡೆದಾಗಲೆಲ್ಲ ಇವನ್ನೂ ಕೊಂದಿದ್ದೆ ಎನ್ನುವುದು ಇವತ್ತಿಗೂ ನೋಯಿಸುತ್ತದೆ. ಈಗ ತೂತಿರುವ ಕೋಶ ಕಂಡ ಸಂದಿಯನ್ನು ಗುಡಿಸುವುದೂ ಇಲ್ಲ.

ಜೋರು ಮಳೆ ಬಂದು ಚರಂಡಿ ತುಂಬಿದರೆ ಎಲ್ಲವೂ ಒಮ್ಮೆಲೇ ಮೇಲೇರುತ್ತವೆ. ಆ ರಾತ್ರಿ ಜಾಡಿಗಳನ್ನೆಲ್ಲ ಮ್ಯಾನ್‌ಹೋಲ್ ಸುತ್ತಲೇ ಇಡುತ್ತೇನೆ, ಮಳೆ ನಿಂತ ಮೂರನೇ ದಿನ ರಬ್ಬರ್ ಪಟ್ಟಿಯ ಅಂಟು ತಪ್ಪದೆ ನೋಡುತ್ತೇನೆ.